ಕಟ್ಟುಹಾವು ಕಚ್ಚಿದ ಮೇಲಿನ ತಾಸುಗಳು

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪ್ರತಿಯೊಂದು ಕಡಿತ, ಪ್ರತಿಯೊಂದು ಸಾವು ಲೆಕ್ಕಕ್ಕೆ ಬರಬೇಕೆಂಬ ಆ ನಿರ್ಧಾರ ಒಳ್ಳೆಯದೇ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಕಬ್ಬಿನ ಸೀಮೆಯಲ್ಲಿ ಲೆಕ್ಕ ಬರೆದುಕೊಂಡರೆ ಸಾಲದು. ಕಬ್ಬಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಗೆ ರಾತ್ರಿ ನುಗ್ಗುವ ಕಟ್ಟುಹಾವು (ಗಡಿಭಾಗದ ಮರಾಠಿ ಮಂದಿ ಮಣ್ಯಾರ ಎನ್ನುವುದು ಇದನ್ನೇ) ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಬಾವಿಲ್ಲ, ಉರಿಯಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ಎತ್ತಲಾಗದ ಕಣ್ಣರೆಪ್ಪೆ. ಇದಕ್ಕೆ ಮದ್ದು ಎಲ್ಲಿ, ಎಷ್ಟು ಹೊತ್ತಿನೊಳಗೆ ಸಿಗಬೇಕೆಂಬುದನ್ನು ಇಲಾಖೆಯ ಅನುಕೂಲ ನೋಡಿ ಗೊತ್ತು ಮಾಡಲಾಗದು. ಅದನ್ನು ಗೊತ್ತು ಮಾಡುವುದು ನರದ ತುದಿ.

ಆ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತುಂಬಿಕೊಂಡ ಕಿರುಚೀಲಗಳಿವೆ. ಒಂದು ಮಿಲಿಮೀಟರಿನಲ್ಲಿ ಸುಮಾರು 20,000 ಚೀಲ ಸಾಲಾಗಿ ಹಿಡಿಸುವಷ್ಟು ಸಣ್ಣವು. ಚೀಲ ತುಂಬಿದ ಮಾತ್ರಕ್ಕೆ ಕೆಲಸಕ್ಕೆ ಸಿದ್ಧವಾಯಿತು ಎಂದಲ್ಲ. ಸಕ್ಕರೆ ಕಾರ್ಖಾನೆಯ ಅಂಗಳವನ್ನೇ ನೆನಪಿಸಿಕೊಳ್ಳಿ: ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದರೂ, ಕಾಟಾ ಆಗಿ, ಹಗ್ಗ ಬಿಚ್ಚಿ, ಕ್ರೇನಿನ ಕೆಳಗೆ ಬಂದು ನಿಂತದ್ದು ಮಾತ್ರ ಆ ಕ್ಷಣಕ್ಕೆ ಖಾಲಿಯಾಗುತ್ತದೆ. ನರದಲ್ಲಿಯೂ ಹಾಗೆಯೇ. ಮಂಕ್-13 ಎಂಬ ಪ್ರೋಟೀನು ದಾರಿ ಮಾಡಿಕೊಟ್ಟು, ಸ್ನೇರ್ ಪ್ರೋಟೀನುಗಳು ಚೀಲವನ್ನೂ ನರದ ಪೊರೆಯನ್ನೂ ಹೆಣೆದು ಬಿಗಿಹಿಡಿದ ಮೇಲೆಯೇ ಚೀಲ ಸಜ್ಜಾಗುವುದು. ಆಮೇಲೆ ಕ್ಯಾಲ್ಸಿಯಂ ಒಳಹೊಕ್ಕರೆ ಸಾಕು, ಮಿಲಿಸೆಕೆಂಡಿನಲ್ಲಿ ಚೀಲ ಬಾಯಿಬಿಟ್ಟು ಸ್ನಾಯುವಿಗೆ ಅಪ್ಪಣೆ ಮುಟ್ಟುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿದ ರಾಥ್‌ಮನ್, ಶೆಕ್ಮನ್, ಸ್ಯೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು. ನಾವು ಎಳೆಯುವ ಒಂದೊಂದು ಉಸಿರೂ ಈ ಸಜ್ಜಾದ ಚೀಲಗಳನ್ನೇ ನಂಬಿದೆ.

ಕಟ್ಟುಹಾವಿನ ವಿಷ ಕೈಹಾಕುವುದು ಇಲ್ಲಿಗೇ. ನಾಗರಹಾವಿನ ವಿಷ ಸ್ನಾಯುವಿನ ಕಡೆಯ ಬಾಗಿಲಿಗೆ ಅಡ್ಡ ಕೂರುತ್ತದೆ. ಕಳಿಸಿದ ಸಂದೇಶ ಒಳಗೆ ಹೋಗುವುದಿಲ್ಲ, ಅಷ್ಟೇ. ಆದ್ದರಿಂದ ನಿಯೋಸ್ಟಿಗ್ಮಿನ್ ಕೊಟ್ಟು ಸಂದೇಶದ ಬಲ ಹೆಚ್ಚಿಸಿದರೆ ಅಲ್ಲಿ ಪ್ರಯೋಜನ ಕಾಣುತ್ತದೆ. ಕಟ್ಟುಹಾವಿನ ವಿಷವಾದರೋ ಕಳಿಸುವ ತುದಿಯನ್ನೇ ಹಾಳುಗೆಡವುತ್ತದೆ. ಪೊರೆಯ ಕೊಬ್ಬನ್ನು ಒಡೆಯುತ್ತದೆ, ಇದ್ದ ಚೀಲಗಳು ಬರಿದಾಗುತ್ತವೆ, ಹೊಸವು ಸಜ್ಜಾಗುವುದಿಲ್ಲ, ಕೊನೆಗೆ ನರತುದಿಯೇ ನಾಶವಾಗುತ್ತದೆ. ಬಲಪಡಿಸಲು ಸಂದೇಶವೇ ಇಲ್ಲದ ಮೇಲೆ ನಿಯೋಸ್ಟಿಗ್ಮಿನ್ ಏನು ಮಾಡೀತು? ಪ್ರತಿವಿಷವೂ ರಕ್ತದಲ್ಲಿ ಹರಿಯುತ್ತಿರುವ ವಿಷವನ್ನು ಹಿಡಿಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ತಿದ್ದಲಾರದು. ನರತುದಿ ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ಯಾರಾದರೂ ಉಸಿರಾಡಿಸುತ್ತಿದ್ದರೆ ರೋಗಿ ಬದುಕುತ್ತಾನೆ.

ಹೀಗಿರುವಾಗ, ವಿಷವೇರಿದ ಲಕ್ಷಣ ಕಂಡ ರೋಗಿಯನ್ನು ಪ್ರತಿವಿಷ ಕೊಡದೆ ಮುಂದಿನ ಊರಿಗೆ ಕಳಿಸುವುದು ತಪ್ಪು. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಪ್ರತಿವಿಷದಿಂದಲೇ ಅಲರ್ಜಿಯಾಗಿ ರೋಗಿ ಸಾಯಬಹುದೆಂಬ ಭಯ ಸಣ್ಣ ಆಸ್ಪತ್ರೆಯ ವೈದ್ಯರಿಗಿದೆ; ಅದು ಸುಳ್ಳು ಭಯವಲ್ಲ. ಆದರೆ ಅದಕ್ಕೆ ಅಡ್ರಿನಲಿನ್ ಇದೆ, ತಡವಾದ ಪ್ರತಿವಿಷಕ್ಕೆ ಮದ್ದಿಲ್ಲ. ಎಲ್ಲ ಕಡೆ ವೆಂಟಿಲೇಟರ್ ಇಡಲು ಹಣವೆಲ್ಲಿ, ನಡೆಸುವವರೆಲ್ಲಿ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಾನು ಕೇಳುತ್ತಿರುವುದು ಅಷ್ಟಲ್ಲ. ಗಂಟಲಿಗೆ ಇಳಿಸುವ ನಳಿಗೆ, ಕೈಯಿಂದ ಒತ್ತುವ ಅಂಬು ಬ್ಯಾಗ್, ಅವನ್ನು ಬಳಸಲು ಕಲಿತ ಇಬ್ಬರು ನರ್ಸ್‌ಗಳು ಇದ್ದರೆ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಉಸಿರು ನಿಲ್ಲದು. ಮಂತ್ರದಿಂದ ಉಳಿದವರಿದ್ದಾರಲ್ಲ ಎನ್ನುವವರಿಗೆ ಒಂದು ಮಾತು: ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವು ಕಚ್ಚಿಯೂ ಮೈಗೆ ವಿಷ ಸೇರದವರು ಏನೂ ಮಾಡದೆಯೂ ಉಳಿಯುತ್ತಾರೆ. ನಿಜವಾಗಿ ವಿಷವೇರಿದವನಿಗೆ ಮಾಂತ್ರಿಕನ ಅಂಗಳದಲ್ಲಿ ಕಳೆದ ಎರಡು ತಾಸು ಮರಳಿ ಸಿಗುವುದಿಲ್ಲ.

ಗಡಿಯ ತೊಡಕು ಇನ್ನೊಂದು. ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಜೀವ ಉಳಿಸಿಕೊಳ್ಳಲು ಓಡುವವರು ರಾಜ್ಯದ ಎಲ್ಲೆ ನೋಡುವುದಿಲ್ಲ, ನೋಡಲೂಬಾರದು. ಆದರೆ ಅಲ್ಲಿ ದಾಖಲಾದ ನಮ್ಮ ಹಳ್ಳಿಯವರ ಮಾಹಿತಿ ಇತ್ತ ಬರದಿದ್ದರೆ ಇಲ್ಲಿನ ಆಸ್ಪತ್ರೆಗೆ ಎಷ್ಟು ಪ್ರತಿವಿಷ ಬೇಕೆಂಬ ಅಂದಾಜೇ ತಪ್ಪುತ್ತದೆ. ಎರಡೂ ಸರಕಾರಗಳು ಇದನ್ನು ಹಂಚಿಕೊಳ್ಳಬೇಕು. ಓದುಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಮಂಚವಿದ್ದರೆ ಮಂಚದ ಮೇಲೆ, ಇಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋದಾಗ ಕೇಳಿ: ಪ್ರತಿವಿಷ ಇದೆಯೇ, ಅಂಬು ಬ್ಯಾಗ್ ಇದೆಯೇ, ರಾತ್ರಿ ಪಾಳಿಯಲ್ಲಿ ಅದನ್ನು ಒತ್ತಬಲ್ಲವರು ಇದ್ದಾರೆಯೇ?