ಖಾಲಿ ಬುಟ್ಟಿಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ

ಎಂಜಿನಿಯರಿಂಗ್ ಓದುವವರ ನಡುವೆ ‘ಫಂಕ್ಷನಲ್ ಪ್ರೋಗ್ರಾಮಿಂಗ್’ ಅಂದರೆ ಸಾಕು, ಮಾತು ಬದಲಾಯಿಸುವವರೇ ಹೆಚ್ಚು. ಅದರಲ್ಲೂ ‘ಫಂಕ್ಟರ್’ ಎಂಬ ಪದ ಬಂತೋ, ಅದು ಪಿಎಚ್.ಡಿ ಮಾಡುವವರ ಪಾಡು ಎಂದು ಪುಸ್ತಕ ಮುಚ್ಚುತ್ತೇವೆ. ನನ್ನ ಪ್ರಕಾರ ವಿಷಯ ಕಷ್ಟದ್ದಲ್ಲ, ಹೇಳಿಕೊಡುವ ಕ್ರಮ ತಲೆಕೆಳಗು. ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ ಎಂಬ ಗಣಿತಜ್ಞರು 1945ರಲ್ಲಿ ಪ್ರಕಟಿಸಿದ ವ್ಯಾಖ್ಯಾನದಿಂದಲೇ ಪಾಠ ಶುರುವಾದರೆ ಯಾರ ತಲೆಗೆ ತಾನೇ ಹತ್ತೀತು? ಶಿವಮೊಗ್ಗ ಕಡೆಯ ಹುಡುಗರಿಗೆ ಅಡಿಕೆಯಿಂದ ಶುರು ಮಾಡಿದರೆ ಅರ್ಧ ಗಂಟೆ ಸಾಕು.

ಕೊಯ್ಲಿನ ಸಮಯದಲ್ಲಿ ಯಾವುದೇ ತೋಟದ ಮನೆಗೆ ಹೋಗಿ ನೋಡಿ. ಬುಟ್ಟಿ ತುಂಬ ಹಸಿ ಅಡಿಕೆ. ಸುಲಿಯುವವರಿಗೆ ಗೊತ್ತಿರಬೇಕಾದದ್ದು ಒಂದು ಕಾಯಿಯನ್ನು ಸುಲಿಯುವುದು ಹೇಗೆ ಎಂಬುದಷ್ಟೇ. ಬುಟ್ಟಿಯಲ್ಲಿ ನೂರಿದ್ದರೂ ಅದೇ ಕೆಲಸ, ಸಾವಿರವಿದ್ದರೂ ಅದೇ ಕೆಲಸ. ಎಷ್ಟು ಕಾಯಿ ಇದ್ದವೋ ಅಷ್ಟೇ ಸುಲಿದ ಅಡಿಕೆ ಸಿಗುತ್ತದೆ. ಬುಟ್ಟಿ ಖಾಲಿ ಇದ್ದರೆ ಕೊನೆಗೂ ಖಾಲಿ ಬುಟ್ಟಿಯೇ. ಅದಕ್ಕಾಗಿ ಯಾರೂ ಕೂಗಾಡುವುದಿಲ್ಲ. ‘ಮ್ಯಾಪ್’ ಅಂದರೆ ಇದೇ. ಒಂದು ಮೌಲ್ಯಕ್ಕೆ ಮಾಡುವ ಕೆಲಸವನ್ನು, ಅದನ್ನು ಇಟ್ಟಿರುವ ಬುಟ್ಟಿಯ ಒಳಗೇ, ಬುಟ್ಟಿಯ ಆಕಾರ ಕೆಡಿಸದೆ ಮಾಡುವುದು. ಹೀಗೆ ಮ್ಯಾಪ್ ಮಾಡಲು ಬರುವ ಬುಟ್ಟಿಗೆ ಫಂಕ್ಟರ್ ಎಂಬ ದೊಡ್ಡ ಹೆಸರು.

ಅದಕ್ಕೆ ನಿಯಮ ಎರಡೇ. ಏನನ್ನೂ ಬದಲಿಸದ ಕೆಲಸವನ್ನು ಮ್ಯಾಪ್ ಮಾಡಿದರೆ ಬುಟ್ಟಿ ಇದ್ದ ಹಾಗೇ ಇರಬೇಕು. ಎಲ್ಲವನ್ನೂ ಸುಲಿದು ಆಮೇಲೆ ಎಲ್ಲವನ್ನೂ ಹೋಳು ಮಾಡಿದರೂ, ಒಂದೊಂದನ್ನೇ ಸುಲಿದು ಆಗಲೇ ಹೋಳು ಮಾಡಿದರೂ ಫಲ ಒಂದೇ ಆಗಿರಬೇಕು. ಯಾವುದು ಮ್ಯಾಪ್ ಅಲ್ಲ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಕೆಟ್ಟ ಕಾಯಿ ಆರಿಸಿ ಎಸೆದರೆ ಲೆಕ್ಕ ಕಡಿಮೆಯಾಯಿತು, ಅದು ಫಿಲ್ಟರ್. ಒಣಗಿದ ಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದರೆ ಒಂದು ಗುಡ್ಡೆ ನಾಲ್ಕಾಯಿತು, ಅದೂ ಮ್ಯಾಪ್ ಅಲ್ಲ. ಬೇಯಿಸುವುದಂತೂ ಇನ್ನೂ ಸ್ವಾರಸ್ಯ. ಹಂಡೆಯ ಚೊಗರಿಗೆ ಹಿಂದಿನ ಅಡಿಕೆಯ ಸತ್ವವೂ ಸೇರಿರುವುದರಿಂದ ಮುಂದಿನ ಅಡಿಕೆಯ ಬಣ್ಣ ಅದನ್ನು ಅವಲಂಬಿಸುತ್ತದೆ. ‘ಸೈಡ್ ಎಫೆಕ್ಟ್’ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಇದರಿಂದ ಕೆಲಸ ಹುಡುಕುವವರಿಗೆ ಏನು ಲಾಭ? ಕ್ಯಾಂಪಸ್ ನೇಮಕಾತಿಯ ಆನ್‌ಲೈನ್ ಅರ್ಜಿ ತುಂಬಿದವರಿಗೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂಬ ಕೆಂಪಕ್ಷರದ ಪರಿಚಯವಿರುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ. ಊರಿನದೋ ಅಪ್ಪನದೋ ಇನಿಷಿಯಲ್ ಅಷ್ಟೇ. ಒಬ್ಬರು ಚುಕ್ಕಿ ಇಡುತ್ತಾರೆ, ಇನ್ನೊಬ್ಬರು ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಆಮೇಲೆ ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದಿದ್ದರೆ ಓಡಾಡಬೇಕಾದವರು ನಾವೇ. ಅರ್ಜಿಯ ಪ್ರೋಗ್ರಾಂ ಬರೆದವರು ಬುಟ್ಟಿ ಖಾಲಿ ಇರಲೂಬಹುದು ಎಂದು ಯೋಚಿಸಲೇ ಇಲ್ಲ.

ಇಲ್ಲದ್ದನ್ನು ‘ನಲ್’ ಎಂದು ಗುರುತಿಸುವ ಪದ್ಧತಿಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದೇ ಕರೆದರು. ಹ್ಯಾಸ್ಕೆಲ್‌ನ ‘ಮೇಬಿ’, ರಸ್ಟ್‌ನ ‘ಆಪ್ಷನ್’, 2014ರಲ್ಲಿ ಜಾವಾ 8ಕ್ಕೆ ಬಂದ ‘ಆಪ್ಷನಲ್’ ಎಲ್ಲವೂ ಇದಕ್ಕೆ ಹುಡುಕಿದ ಪರಿಹಾರಗಳೇ. ಅಡ್ಡಹೆಸರು ಇದ್ದರೆ ದೊಡ್ಡಕ್ಷರ ಮಾಡು ಎಂದು ಮ್ಯಾಪ್ ಮಾಡಿದರೆ, ಇಲ್ಲದವರ ಬುಟ್ಟಿ ಸುಮ್ಮನೆ ಖಾಲಿಯಾಗಿಯೇ ಮುಂದೆ ಹೋಗುತ್ತದೆ. ನಡುವೆ ಹತ್ತು ಕಡೆ ‘ಇಫ್’ ಬೇಡ. ಖಾಲಿ ಇದ್ದರೆ ಏನು ಮಾಡಬೇಕೆಂದು ಕೊನೆಯಲ್ಲಿ ಒಂದು ಸಲ ತೀರ್ಮಾನಿಸಿದರೆ ಆಯಿತು.

ಹಾಗೆಂದು ಆಪ್ಷನಲ್ ಅಪ್ಪಟ ಚಿನ್ನವೇನೂ ಅಲ್ಲ. ಜಾವಾದಲ್ಲಿ ಮ್ಯಾಪ್‌ಗೆ ಕೊಟ್ಟ ಫಂಕ್ಷನ್ನೇ ನಲ್ ಹಿಂದಿರುಗಿಸಿದರೆ ಬುಟ್ಟಿ ಸದ್ದಿಲ್ಲದೆ ಖಾಲಿಯಾಗುತ್ತದೆ. ಮುಂದಿನ ಫಂಕ್ಷನ್‌ಗೆ ನಲ್ ಸಂಭಾಳಿಸಲು ಬರುತ್ತಿದ್ದರೂ ಅದರ ಸರದಿ ಬರುವುದೇ ಇಲ್ಲ. ಎರಡನ್ನೂ ಒಂದಾಗಿ ಸೇರಿಸಿ ಮ್ಯಾಪ್ ಮಾಡಿದರೆ ಉತ್ತರವೇ ಬೇರೆ. ಅಂದರೆ ಮೇಲೆ ಹೇಳಿದ ಎರಡನೇ ನಿಯಮ ಮುರಿಯಿತು. ನಿಯಮ ತಿಳಿದವರಿಗೆ ಈ ಬಿರುಕು ಕಾಣುತ್ತದೆ, ಸಿಂಟ್ಯಾಕ್ಸ್ ಉರು ಹೊಡೆದವರಿಗೆ ಕಾಣುವುದಿಲ್ಲ.

ಇದನ್ನೆಲ್ಲ ಕಲಿಸಲು ಹೊಸ ಪಠ್ಯಕ್ರಮವೇ ಬರಬೇಕು ಎಂದು ಕಾಯುವುದು ಬೇಡ. ಎರಡನೇ ವರ್ಷದಲ್ಲಿ ಜಾವಾ ಕಲಿಯುವಾಗಲೇ ಒಂದು ಲ್ಯಾಬ್ ಅವಧಿ ಸಾಕು. ನಲ್ ಚೆಕ್‌ಗಳಿಂದ ತುಂಬಿದ ಹಳೆಯ ಪ್ರೋಗ್ರಾಂ ಒಂದನ್ನು ಕೊಟ್ಟು, ಮ್ಯಾಪ್ ಬಳಸಿ ತಿರುಗಿ ಬರೆಯಿರಿ ಎನ್ನಲಿ. ಫಂಕ್ಟರ್ ಎಂಬ ಹೆಸರನ್ನು ಅವಧಿ ಮುಗಿಯಲು ಐದು ನಿಮಿಷ ಇರುವಾಗ ಬೋರ್ಡಿನ ಮೇಲೆ ಬರೆದರೆ ಸಾಕು.