ಗೋಡೆಯುಳ್ಳವರ ರಾತ್ರಿ

ಬೆಂಗಳೂರಿನ ರಸಿಕರಿಗೆ ಮುದಿ ಸಂಗೀತಗಾರರ ಮೇಲೆ ಮಮತೆ ಇಲ್ಲವೆಂದು ಯಾರೂ ಹೇಳಲಾರರು. ಕ್ಲಬ್ಬಿನಲ್ಲಿ ನರೆಗೂದಲಿನ ಗಿಟಾರ್ ವಾದಕರು ತಮ್ಮ ಯೌವನದ ರಾಕ್ ಅಂಡ್ ರೋಲ್ ನುಡಿಸಿದರೆ, ಟಿಕೆಟ್ಟು ಕೊಂಡು ಹೋಗಿ ನಡುರಾತ್ರಿಯವರೆಗೆ ಕುಣಿದು ಬರುತ್ತಾರೆ. ತಪ್ಪೇನಿಲ್ಲ. 1954ರಲ್ಲಿ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದ ರಾಕಬಿಲ್ಲಿಯೂ ಹಳ್ಳಿಯ ಸರಕೇ. ಅಮೆರಿಕದ ಬಿಳಿಯ ರೈತರ ಹಾಡೂ ಕಪ್ಪು ಜನರ ಬ್ಲೂಸೂ ಬೆರೆತದ್ದು. ನನ್ನ ತಕರಾರು ಬೇರೆ.

ವೈಟ್‌ಫೀಲ್ಡ್ ದಾಟಿ ಪೂರ್ವಕ್ಕೆ ಹೋದರೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿ. ಈ ಸೀಮೆಯಲ್ಲೂ ಮುದಿ ಸಂಗೀತಗಾರರುಂಟು. ಜನ ಅವರನ್ನು ನಾಟಕದ ಮೇಷ್ಟ್ರು ಎನ್ನುತ್ತಾರೆ. ಅವರು ನುಡಿಸುವ ಮಟ್ಟುಗಳೂ ಬೆರಕೆಯವೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮಂಡಲಿಗಳು ಕರ್ನಾಟಕ ಸಂಗೀತ, ಹಿಂದೂಸ್ಥಾನಿ, ಪಾರ್ಸಿ ರಂಗಭೂಮಿಯ ಧಾಟಿ ಎಲ್ಲವನ್ನೂ ಕಲಸಿ ಉಣಬಡಿಸಿದವು. ಯೂರೋಪಿನ ಹಾರ್ಮೋನಿಯಂ ಅದರ ಜೊತೆಗಾರ. ಆಕಾಶವಾಣಿ 1940ರಲ್ಲಿ ಆ ಪೆಟ್ಟಿಗೆಗೆ ಬಾಗಿಲು ಮುಚ್ಚಿ 1971ರವರೆಗೆ ತೆರೆಯಲಿಲ್ಲ. ಹಳ್ಳಿ ಒಂದು ದಿನವೂ ಮುಚ್ಚಲಿಲ್ಲ. ಇಂದಿಗೂ ರೈತನೋ ಬಸ್ಸಿನ ಡ್ರೈವರನೋ ಕೈಯಿಂದ ಹಣ ಹಾಕಿ ದುರ್ಯೋಧನನ ಪಾತ್ರ ಹಿಡಿದು, ತಿಂಗಳುಗಟ್ಟಲೆ ಮೇಷ್ಟ್ರ ಮುಂದೆ ಕಂದಪದ್ಯ ತಿದ್ದಿಕೊಳ್ಳುತ್ತಾನೆ. ಬಾಡಿಗೆಯ ಸೀನರಿ ಏಳುತ್ತದೆ. ಊರೆಲ್ಲ ಚಾಪೆ, ಕಂಬಳಿ ಹಿಡಿದು ಬಯಲಿಗೆ ಬರುತ್ತದೆ.

ಈಗ ಕಾನೂನು ನೋಡಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿಯುಂಟು. ಬಯಲಿನ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಹನ್ನೆರಡು ಗಂಟೆಯವರೆಗೆ, ಅನುಮತಿ ಕೊಡಬಹುದು. ಗೋಡೆಯಿದ್ದವನಿಗೆ ರಾತ್ರಿಯುಂಟು, ಬಯಲಿನವನಿಗಿಲ್ಲ ಎಂದಾಯಿತು. ‘ಕುರುಕ್ಷೇತ್ರ’ವನ್ನು ಹನ್ನೆರಡಕ್ಕೆ ನಿಲ್ಲಿಸಿದರೆ ಕೃಷ್ಣಸಂಧಾನವೂ ಮುಗಿದಿರುವುದಿಲ್ಲ. ಯುದ್ಧವಿಲ್ಲದೆ ಕೌರವರು ಕ್ಷೇಮವಾಗಿ ಮನೆಗೆ ಹೋಗಬೇಕು!

‘ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ನಿದ್ದೆಗೆಡಬೇಕೆ?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. 2005ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿದದ್ದೂ ನಿದ್ದೆ, ನೆಮ್ಮದಿಗಳ ಹಕ್ಕಿನ ಹೆಸರಿನಲ್ಲಿಯೇ. ಆದರೆ ಬೀದಿಬೀದಿಯಲ್ಲಿ ಕಂಬಕ್ಕೆ ಕಟ್ಟಿದ ಕಹಳೆಯೂ, ಊರೇ ಎದ್ದು ಕುಳಿತು ಕೇಳುವ ವರ್ಷದ ಒಂದು ನಾಟಕವೂ ಒಂದೇ ಅಲ್ಲ. ಮೊದಲನೆಯದು ಒಲ್ಲದವನ ಕಿವಿಗೆ ಬೀಳುವ ಪೆಟ್ಟು. ಎರಡನೆಯದಕ್ಕೆ ಊರೇ ಚಂದಾ ಎತ್ತಿರುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ, ಸೋಮಾರಿತನ.

ಕರಾವಳಿಯ ಕಟೀಲು ಮೇಳಗಳು 2022ರಲ್ಲಿ ಇದೇ ನಿಯಮದ ದೆಸೆಯಿಂದ ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿದಾಗ ಭಕ್ತರಿಂದ ವಿರೋಧ ಎದ್ದಿತು. ಅವರ ಬೆನ್ನಿಗೆ ದೇವಸ್ಥಾನವಿತ್ತು, ಹೆಸರಿತ್ತು. ಹೋಬಳಿಯ ನಾಟಕದ ಮೇಷ್ಟ್ರ ಬೆನ್ನಿಗೆ ಯಾರಿದ್ದಾರೆ?

ಬೇಕಾದದ್ದು ದೊಡ್ಡದೇನಲ್ಲ. ಊರಿಗೆ ವರ್ಷಕ್ಕೆ ಒಂದು ರಾತ್ರಿ, ಗ್ರಾಮಸಭೆಯ ಒಪ್ಪಿಗೆ, ಕಂಬದ ಮೇಲಿನ ಕಹಳೆ ಬೇಡ, ರಂಗದ ಮುಂದೆ ಕುಳಿತವರಿಗೆ ಕೇಳುವಷ್ಟು ಧ್ವನಿ ಸಾಕು. ಇದಕ್ಕಾಗಿ ಕೇಂದ್ರದ ನಿಯಮ ತಿದ್ದಬೇಕು. ತಿದ್ದಿಸುವಂತೆ ಒತ್ತಾಯಿಸುವ ಹೊಣೆ ನಮ್ಮ ಸರ್ಕಾರದ್ದು, ನಮ್ಮ ಸಂಸದರದ್ದು. ವಯಸ್ಸಾದ ಮೇಷ್ಟ್ರುಗಳು ಹೋದಮೇಲೆ ಪ್ರಶಸ್ತಿ ಸ್ಥಾಪಿಸುವುದಕ್ಕಿಂತ, ಇರುವಾಗಲೇ ಅವರಿಗೊಂದು ಪೂರ್ಣ ರಾತ್ರಿ ಕೊಡುವುದು ಅಗ್ಗ, ಮರ್ಯಾದೆಯೂ ಹೌದು.