ಭಕ್ಷೀಸಿನ ಬವಣೆ

ಮಾಟುಂಗದ ಹೋಟೆಲಿನಲ್ಲಿ ಕಾಫಿ ಕುಡಿದು, ಸೋಂಪಿನ ತಟ್ಟೆಯಲ್ಲಿ 10 ರೂಪಾಯಿ ಇಟ್ಟು ಎದ್ದರೆ ನಾವು ಧಾರಾಳಿಗಳೇ ಸರಿ. ಈ ಅಳತೆಗೋಲನ್ನೇ ಹಿಡಿದು, ಟೆಕ್ಸಾಸಿನಲ್ಲಿರುವ ಮಗನ ಮನೆಗೆ ಹೊರಟಿದ್ದ ಭಾವನವರಿಗೆ ನಾವು ಉಪದೇಶ ಮಾಡಿದೆವು: "ಚಿಲ್ಲರೆ ಬಿಟ್ಟರೆ ಸಾಕು." ಅವರು ಹಾಗೆಯೇ 40 ಡಾಲರಿನ ಊಟಕ್ಕೆ ಒಂದು ಡಾಲರು ಇಟ್ಟು ಬಂದರಂತೆ. ಮಗ ಮುಖ ಕೆಂಪಗೆ ಮಾಡಿಕೊಂಡು ಹಿಂದಿರುಗಿ ಹೋಗಿ ಮತ್ತೆ ಏಳು ಡಾಲರು ಕೊಟ್ಟನಂತೆ.

ವಿಚಾರಿಸಿದಾಗ ನಮಗೂ ನಾಚಿಕೆಯಾಯಿತು. ಬಡಿಸುವವರಿಗೆ ಮಾಲೀಕ ಗಂಟೆಗೆ 2.13 ಡಾಲರು ಕೊಟ್ಟರೆ ಸಾಕೆಂದು ಅಲ್ಲಿಯ ಕಾನೂನು. 1991ರಿಂದ ಆ ಅಂಕಿ ಅಲುಗಿಲ್ಲ. ಮಿಕ್ಕದ್ದು ಗಿರಾಕಿಗಳಿಂದ ಬರುವುದೆಂಬ ಲೆಕ್ಕ, ನೂರಕ್ಕೆ 15ರಿಂದ 20. ಅದೂ ಸಾಲದಿದ್ದರೆ ಮಾತ್ರ ಮಾಲೀಕ 7.25ರವರೆಗೆ ತುಂಬಬೇಕು. ನಾವು ಭಕ್ಷೀಸೆಂದುಕೊಂಡದ್ದು ಅವರ ಸಂಬಳ. ತುಟ್ಟಿಭತ್ಯೆ ಒಂದು ತಿಂಗಳು ತಡವಾದರೆ ಕಛೇರಿಯಲ್ಲಿ ಗುಲ್ಲೆಬ್ಬಿಸುವ ನಾವೇ ಇನ್ನೊಬ್ಬರ ಕೂಲಿಗೆ ಕತ್ತರಿ ಹಾಕಿಸಿದ್ದೆವು!

ಫ್ರಾನ್ಸಿನಲ್ಲಿ ಸೇವೆಯ ಹಣ ತಿಂಡಿಯ ಬೆಲೆಯಲ್ಲೇ ಸೇರಿರುತ್ತದೆ. ಜಪಾನಿನಲ್ಲಂತೂ ಮೇಜಿನ ಮೇಲೆ ಹಣ ಬಿಟ್ಟರೆ, ಮರೆತು ಹೋದಿರೆಂದು ಬೀದಿಯವರೆಗೂ ಓಡಿಬಂದು ಹಿಂದಕ್ಕೆ ಕೊಡುವುದುಂಟು.

ಭಾವನವರು ಬರುವ ಚೈತ್ರದಲ್ಲಿ ಜಪಾನಿಗೆ ಹೊರಟಿದ್ದಾರೆ. ಈ ಸಲ ನಮ್ಮನ್ನು ಏನೂ ಕೇಳಿಲ್ಲ.